ಭಾವನವರ ತೊಡೆಗೆ ನಾನು ಮಾಡಿದ ಪಾಠ

ಮನುಷ್ಯನಿಗೆ ಮುಪ್ಪು ಬರುವುದು ತಲೆಗೂದಲಿನಿಂದಲ್ಲ, ತೊಡೆಯಿಂದ. ಈ ಗಂಭೀರ ಸತ್ಯವನ್ನು ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಬೋಧಿಸಿದ್ದೇನೆ, ಕುರ್ಚಿಯಲ್ಲಿ ಕೂತುಕೊಂಡು.

ಜೀವಶಾಸ್ತ್ರದ ಮೇಷ್ಟ್ರಿಗೆ ದೇಹವೆಂದರೆ ಮೊಳೆಗೆ ನೇತುಹಾಕುವ ಒಂದು ಪಟ. ಅದರಲ್ಲಿ ಸ್ನಾಯುಗಳಿಗೆಲ್ಲ ಕೆಂಪು ಬಣ್ಣ, ಎಲುಬಿಗೆಲ್ಲ ಬಿಳಿ. ಪರೀಕ್ಷೆ ಮುಗಿದ ಮೇಲೆ ಸುತ್ತಿ ಬೀರುವಿನ ಮೇಲಿಟ್ಟರೆ ಜೂನ್ ತನಕ ಅದಕ್ಕೆ ಕೆಮ್ಮು ಕೂಡ ಬರುವುದಿಲ್ಲ. ಜೀವವಿರುವ ದೇಹದ ನಡವಳಿಕೆ ಬೇರೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅದೂ ನನ್ನ ದೇಹದಿಂದಲ್ಲ, ನನ್ನ ಭಾವನವರ ದೇಹದಿಂದ.

ಭಾವ ಎಂದರೆ ನನ್ನ ಅಕ್ಕನ ಗಂಡ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ನಾನಿರುವುದು ಮದ್ದೂರು ಪೇಟೆಯಲ್ಲಿ. ಅವರ ಊರು ಮಳವಳ್ಳಿ ರಸ್ತೆಯಲ್ಲಿ ಭಾರತೀನಗರ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿ. ಅಕ್ಕನನ್ನು ನೋಡಲು ಬಂದ ದಿನ ನಮ್ಮಪ್ಪ ಹುಡುಗನ ಜಾತಕ ಕೇಳಿರಲಿಲ್ಲವಂತೆ. ಪಂಚೆ ಎತ್ತಿ ಕಟ್ಟಿದ್ದವನ ಮೀನಖಂಡ ನೋಡಿ, 'ಆಯ್ತು, ಕೊಡೋಣ' ಎಂದರಂತೆ. ಆ ಕಾಲದಲ್ಲಿ ಭಾವ ಕಬ್ಬಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು, ಓರೆಯಾಗಿ ಇಟ್ಟ ಹಲಗೆಯ ಮೇಲೆ ಹತ್ತಿ ಲಾರಿ ತುಂಬಿಸುತ್ತಿದ್ದರು. ಹಲಗೆ ಬಾಗುತ್ತಿತ್ತು, ಭಾವ ಬಾಗುತ್ತಿರಲಿಲ್ಲ. ನನ್ನನ್ನು ಅವರು ಮೇಷ್ಟ್ರೇ ಎಂದೂ ನೀನು ಎಂದೂ ಒಂದೇ ಉಸಿರಿನಲ್ಲಿ ಕರೆಯುತ್ತಾರೆ. ಮರ್ಯಾದೆ ಹುದ್ದೆಗೆ, ಏಕವಚನ ನನಗೆ.

ಆಮೇಲೆ ಎಲ್ಲರ ಮನೆಯಲ್ಲೂ ಆದದ್ದೇ ಅವರ ಮನೆಯಲ್ಲೂ ಆಯಿತು. ಉಳುಮೆಗೆ ಟ್ರ್ಯಾಕ್ಟರ್ ಬಂತು, ಕಟಾವಿಗೆ ಆಳುಗಳು ಬಂದರು, ಗದ್ದೆಗೆ ಹೋಗಿ ಬರಲು ಸ್ಕೂಟರ್ ಬಂತು. ಕೆಲವು ವರ್ಷ ಭಾವನವರ ತೊಡೆಗಳು ಮಾಡಿದ ಏಕೈಕ ಕೆಲಸವೆಂದರೆ ಸ್ಕೂಟರಿನ ಕಿಕ್ ಹೊಡೆಯುವುದು. ನಂತರ ಸೆಲ್ಫ್ ಸ್ಟಾರ್ಟ್ ಬಂದು ಅದೂ ತಪ್ಪಿತು. ಊಟ ಮಾತ್ರ ಲಾರಿ ತುಂಬಿಸುವವನ ಊಟವಾಗಿಯೇ ಉಳಿಯಿತು.

ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು. ಒಂದು ಮಾತ್ರೆ ಎರಡಾಗಿ, ಎರಡು ಮೂರಾಗಿ, ಮೂರೂ ಸೋತ ಮೇಲೆ ಅಕ್ಕ ಅವರನ್ನು ಮಂಡ್ಯದ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಓದಲು ಬರುವವನೊಬ್ಬ ಜೊತೆಗಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಡಾಕ್ಟರಮ್ಮನಿಗೆ ನನ್ನ ಶಿಷ್ಯರ ವಯಸ್ಸು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿದರು. ಹತ್ತೂವರೆ ಬಂತು. ನಿಮ್ಮದೂ ಒಂದು ನೋಡಿಬಿಡೋಣ ಸಾರ್ ಎಂದು ನನ್ನದನ್ನೂ ಮಾಡಿಸಿದರು. ನಾನು ಬೇಲಿಯ ಮೇಲೆ ಕೂತಿದ್ದೇನೆ, ಆಚೆ ಬೀಳಲು ಹೆಚ್ಚು ದಿನ ಬೇಕಿಲ್ಲ ಎಂದರು. ಭಾವನವರಿಗೆ ಹೇಳಿದ್ದು ಇಷ್ಟು: "ಮೂರು ತಿಂಗಳು ಟೈಮ್ ಕೊಡ್ತೀನಿ. ದಿನಾ ಮುಕ್ಕಾಲು ಗಂಟೆ ನಡೀಬೇಕು, ಸಿಹಿ ಮುಟ್ಟಬಾರದು. ಎಂಟರ ಕೆಳಗೆ ಬಂದ್ರೆ ಮಾತ್ರೆಯಲ್ಲೇ ಮುಂದುವರಿಸೋಣ. ಬರಲಿಲ್ಲ ಅಂದ್ರೆ ಇನ್ಸುಲಿನ್."

ನಮ್ಮ ಕಡೆ ಇನ್ಸುಲಿನ್ನಿಗೆ ಸೂಜಿ ಎನ್ನುತ್ತಾರೆ. ಭಾವನವರ ತಾಯಿಗೆ ಸೂಜಿ ಶುರುವಾದ ವರ್ಷ ಒಂದು ಕಾಲು ತೆಗೆದರು. ಮರುವರ್ಷ ಅವರೇ ಹೋದರು. ಸೂಜಿ ತಡವಾಗಿ ಬಂದದ್ದರಿಂದ ಕಾಲು ಹೋಯಿತೇ ಹೊರತು ಸೂಜಿಯಿಂದಲ್ಲ ಎಂದು ವಿಜ್ಞಾನ ಹೇಳುತ್ತದೆ. ಆದರೆ ತಾಯಿಯನ್ನು ಎರಡು ತೋಳಲ್ಲಿ ಎತ್ತಿಕೊಂಡು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದವರು ಭಾವ, ವಿಜ್ಞಾನ ಅಲ್ಲ. ಮೊದಲು ಸೂಜಿ, ಆಮೇಲೆ ಕಾಲು, ಆಮೇಲೆ ಮಣ್ಣು. ಅವರ ಲೆಕ್ಕದಲ್ಲಿ ಈ ಮೂರು ಒಂದೇ ದಾರಿಯ ಮೂರು ಬಸ್ ಸ್ಟಾಪುಗಳು. ಬೆರಳಿಗೆ ಚುಚ್ಚಿ ಮನೆಯಲ್ಲೇ ಸಕ್ಕರೆ ನೋಡುವ ಯಂತ್ರವನ್ನು ನಾನು ಕೊಂಡುಕೊಟ್ಟಾಗಲೂ, "ಚಿಕ್ಕುದ್ ಸೂಜಿನೂ ಸೂಜಿನೇ ಕಣ್ ಮೇಷ್ಟ್ರೇ" ಎಂದು ಅದನ್ನು ದೇವರ ಗೂಡಿನ ಪಕ್ಕ ಇಟ್ಟು ಕೈಮುಗಿದರು.

ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂವತ್ತ್ ವರ್ಸ ಕಂಡೋರ್ ಮಕ್ಳಿಗೆಲ್ಲ ಪಾಟ ಯೋಳ್ದೆ. ನಮ್ಮನೇಲಿ ಒಬ್ರಿಗೆ ಯೋಳಕಾಗಲ್ವೇನ್ಲಾ? ಇವ್ರು ರಾತ್ರಿ ಕಾಲ್ ಸವರ್ಕೊಂಡ್ ಕುಂತಿರ್ತಾರೆ ಕಣ್ಲಾ. ನಂಗ್ ನೋಡಕಾಗಲ್ಲ."

ಹೀಗೆ ನಾನು ವಾರಕ್ಕೆ ಆರು ದಿನ ಬೆಳಗಿನ ಮೊದಲ ಬಸ್ಸಿಗೆ ಭಾವನವರ ಊರಿಗೆ ಹೋಗತೊಡಗಿದೆ.

ಮೊದಲ ಅಡ್ಡಿ ಬಂದದ್ದು ಕಾಲಿನಿಂದಲ್ಲ, ಊರಿನಿಂದ. ಪೇಟೆಯಲ್ಲಿ ಜನ ಬಿಳಿ ಬೂಟು ಹಾಕಿಕೊಂಡು ಮೈದಾನ ಸುತ್ತುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಹಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವವನು ಒಂದೋ ಮನೆಯಲ್ಲಿ ಜಗಳ ಮಾಡಿಕೊಂಡಿರಬೇಕು, ಇಲ್ಲವೇ ಎಮ್ಮೆ ಕಳೆದುಕೊಂಡಿರಬೇಕು. ನಾಲೆ ಏರಿಯ ಮೇಲೆ ನೂರು ಹೆಜ್ಜೆ ಹಾಕುವಷ್ಟರಲ್ಲಿ ಎದುರಿಗೆ ಹಾಲಿನ ಕ್ಯಾನು ಹಿಡಿದವನೊಬ್ಬ ನಿಂತ.

"ಎಲ್ಗೋಯ್ತಿದ್ದೀರಿ ಗೌಡ್ರೇ?"

"ಎಲ್ಗೂ ಇಲ್ಲ ಕಣ್ಲಾ."

"ಎಲ್ಗೂ ಇಲ್ದಿದ್ ಮೇಲೆ ಯಾಕ್ ಓಯ್ತಿದ್ದೀರಿ?"

ಭಾವ ಹಿಂದಿರುಗಿ ಮನೆಗೆ ಹೋಗಿ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದರು. ಅಂದಿನಿಂದ ಯಾರೂ ಏನೂ ಕೇಳಲಿಲ್ಲ. ಎರಡು ತಿಂಗಳು ಆ ಗುದ್ದಲಿ ಒಂದು ಹೆಂಟೆ ಮಣ್ಣನ್ನೂ ಮುಟ್ಟದೆ ನಮ್ಮ ಜೊತೆ ವಾಯುಸೇವನೆ ಮಾಡಿತು.

ಮೊದಲ ದಿನ ಎರಡನೇ ತೂಬಿಗೆ ಸುಸ್ತಾದರು. ತೂಬು ಎಂದರೆ ನಾಲೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು. ಆ ಏರಿಯ ಮೇಲೆ ದೂರ ಅಳೆಯುವುದು ಅದರಿಂದಲೇ. ಭಾವ ಕಟ್ಟೆಯ ಮೇಲೆ ಕೂತು ತೊಡೆ ಒತ್ತಿಕೊಂಡರು. ಪಂಚೆಯೊಳಗೆ ಆ ತೊಡೆಗಳು ಒಣಗಿದ ಜೋಳದ ದಂಟಿನಂತೆ ಕಂಡವು. ನಾನು ಪಕ್ಕದಲ್ಲಿ ಅವರಿಗಿಂತ ಜೋರಾಗಿ ಏದುಸಿರು ಬಿಡುತ್ತಿದ್ದೆ, ಆದರೆ ಜೊತೆಗೆ ಬಂದವನ ಏದುಸಿರನ್ನು ಯಾರೂ ಗಮನಿಸುವುದಿಲ್ಲ.

"ಇದ್ರಿಂದ ಏನಾಯ್ತದೆ ಯೋಳು ಮೇಷ್ಟ್ರೇ," ಎಂದರು. "ನಾನ್ ನಡದ್ರೆ ರಕ್ತದಲ್ಲಿರೋ ಸಕ್ರೆ ಯಾಕ್ ಕಮ್ಮಿಯಾಯ್ತದೆ? ಸಕ್ರೆ ಏನ್ ನನ್ ಜೊತೆ ನಡೀತದಾ?"

ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನಗೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ನಾನು ಎದ್ದು ನಿಂತೆ. ಮೇಷ್ಟ್ರು ಎದ್ದು ನಿಂತರೆ ಅನಾಹುತ ಆಗುತ್ತದೆಂದು ಆಗ ಗೊತ್ತಿರಲಿಲ್ಲ.

"ನೋಡಿ ಭಾವ, ಈ ಗದ್ದೆ ನಿಮ್ಮ ತೊಡೆ ಅಂದ್ಕೊಳ್ಳಿ. ಈ ನಾಲೆ ನಿಮ್ಮ ರಕ್ತ. ಇದರಲ್ಲಿ ಹರಿಯೋ ನೀರು ಸಕ್ಕರೆ. ತೂಬು ಎತ್ತೋ ನೀರುಗಂಟಿ ಇದಾನಲ್ಲ, ಅವನು ಇನ್ಸುಲಿನ್. ಅವನು ಬಂದು ತೂಬು ಎತ್ತಿದ್ರೆ ಗದ್ದೆಗೆ ನೀರು. ನಿಮ್ಮ ಕಾಯಿಲೆ ಏನು ಅಂದ್ರೆ, ಅವನು ಎಷ್ಟು ಎಳೆದರೂ ತೂಬು ಏಳ್ತಿಲ್ಲ. ತುಕ್ಕು ಹಿಡಿದಿದೆ. ನೀರೆಲ್ಲ ನಾಲೆಯಲ್ಲೇ ನಿಂತಿದೆ, ಗದ್ದೆ ಒಣಗ್ತಿದೆ."

"ನಿಜ," ಎಂದರು ಭಾವ, ತೊಡೆಯನ್ನೇ ನೋಡುತ್ತಾ.

"ಆದರೆ ನೀವು ನಡೆದಾಗ ತೊಡೆ ತಾನೇ ಒಳಗಿಂದ ತೂಬು ಎತ್ಕೊಳ್ಳುತ್ತೆ. ನೀರುಗಂಟಿಯ ಹಂಗೇ ಇಲ್ಲ."

ಭಾವ ತಲೆಯೆತ್ತಿದರು. "ನೀರುಗಂಟಿ ಅಂಗಿಲ್ದೆ?"

"ಹಂಗಿಲ್ಲದೆ. ನಡೆದು ನಿಂತ ಮೇಲೂ ಒಂದು ದಿನ, ಒಂದೂವರೆ ದಿನ ತೂಬು ಸಲೀಸಾಗಿರುತ್ತೆ. ಆಮೇಲೆ ಮತ್ತೆ ಬಿಗಿಯಾಗುತ್ತೆ, ಅದಕ್ಕೇ ದಿನಾ ನಡೀಬೇಕು. ವಾರಗಟ್ಟಲೆ ನಡೆದರೆ ಗದ್ದೆಯೇ ಬದಲಾಗುತ್ತೆ ಭಾವ. ಹೊಸ ತೂಬು ಕೂರುತ್ತೆ. ಸಣ್ಣ ಸಣ್ಣ ಕಾಲುವೆ ಹೊಸದಾಗಿ ಹುಟ್ಟಿಕೊಳ್ಳುತ್ತೆ. ಒಳಗೆ ಸಕ್ಕರೆ ಉರಿಸೋ ಒಲೆಗಳು ಒಂದಿದ್ದದ್ದು ಎರಡಾಗುತ್ತೆ. ಕೂಡಿಡೋ ಕಣಜ ದೊಡ್ಡದಾಗುತ್ತೆ."

ಆ ಒಲೆಗಳಿಗೆ ಮೈಟೋಕಾಂಡ್ರಿಯ ಎಂಬ ಹೆಸರಿದೆ, ಕಣಜದ ಸರಕಿಗೆ ಗ್ಲೈಕೊಜೆನ್ ಎಂಬ ಹೆಸರಿದೆ. ಹೇಳಲಿಲ್ಲ. ಹೇಳಿದ್ದರೆ ಭಾವನವರಿಗೆ ಅರ್ಥವಾಗುತ್ತಿರಲಿಲ್ಲ, ಅನಾಹುತವೂ ಆಗುತ್ತಿರಲಿಲ್ಲ. ಅರ್ಥವಾಗದ ಪಾಠದಿಂದ ಈ ದೇಶದಲ್ಲಿ ಯಾರಿಗೂ ಕೆಡುಕಾದದ್ದಿಲ್ಲ.

ಭಾವ ನಾಲೆ ನೋಡಿ, ತೊಡೆ ತಟ್ಟಿ ನೋಡಿಕೊಂಡರು. ಆಮೇಲೆ ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಮರ್ಯಾದೆಯಿಂದ ನೋಡಿದರು. "ಇದ್ನ ಯಾವ್ನಾರ ಡಾಕ್ಟ್ರು ಇಂಗ್ ಯೋಳಿದ್ರೆ ನಾನು ಅತ್ ವರ್ಸದ್ ಇಂದೆನೇ ನಡೀತಿದ್ದೆ," ಎಂದು ಗುದ್ದಲಿ ಎತ್ತಿಕೊಂಡರು.

ಆ ದಿನ ಬಸ್ಸಿನಲ್ಲಿ ಕೂತು ಬರುವಾಗ, ರಾಜ್ಯ ಪ್ರಶಸ್ತಿ ಕೊಡುವವರು ನಿವೃತ್ತರನ್ನು ಯಾಕೆ ಪರಿಗಣಿಸುವುದಿಲ್ಲ ಎಂದು ಯೋಚಿಸಿದೆ.

ದೇಹ ಒಳ್ಳೆಯ ವಿದ್ಯಾರ್ಥಿ. ಒಂದೇ ದಿನ ಕಲಿತು ಒಪ್ಪಿಸುವುದಿಲ್ಲ, ಆದರೆ ದಿನವೂ ಹೇಳಿದರೆ ಕಲಿಯದೆ ಇರುವುದಿಲ್ಲ. ಎರಡನೇ ವಾರದಲ್ಲಿ ನಾಲ್ಕನೇ ತೂಬು, ನಾಲ್ಕನೇ ವಾರದಲ್ಲಿ ಏಳನೇ ತೂಬು. ಮೊದಲು ನಡೆಯುವಾಗ ಮಾತಾಡಲಾಗುತ್ತಿರಲಿಲ್ಲ. ಒಂದು ತಿಂಗಳಿಗೆ ಭಾವ ನಡೆಯುತ್ತಲೇ ದಾಯಾದಿಗಳನ್ನು ಬೈಯುವಷ್ಟು ಸುಧಾರಿಸಿದರು. ಅದರ ಹಿಂದಿನ ವಿಜ್ಞಾನ ನನಗೆ ಗೊತ್ತು. ಪಳಗಿದ ಸ್ನಾಯು ಅದೇ ಕೆಲಸವನ್ನು ಕಡಿಮೆ ಸುಸ್ತಿನಲ್ಲಿ ಮಾಡುತ್ತದೆ. ಗಾಬರಿಯಿಂದ ಸಕ್ಕರೆ ಸುಡುವುದನ್ನು ಬಿಟ್ಟು, ನಿಧಾನವಾಗಿ ಕೊಬ್ಬನ್ನು ಕರಗಿಸುವುದು ಕಲಿಯುತ್ತದೆ. ರಕ್ತ ಹೆಚ್ಚು ಸಂದುಗಳಿಗೆ ಇಳಿಯುತ್ತದೆ. ಭಾವನವರ ಮೀನಖಂಡದಲ್ಲಿ ಹಳೆಯ ಗಂಟು ಮತ್ತೆ ಸಣ್ಣಗೆ ಕಾಣಿಸಿಕೊಂಡ ದಿನ ಅಕ್ಕ ಅದನ್ನು ಮುಟ್ಟಿ ನೋಡಿ, ನಾಚಿಕೊಂಡು ಒಳಗೆ ಹೋದಳು.

ರಕ್ತದೊಳಗೆ ಏನಾಗುತ್ತಿದೆ ಎಂಬುದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಯಂತ್ರ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಅದಕ್ಕೆ ದಿನಾ ಒಂದು ಹೂವೂ ಬೀಳುತ್ತಿತ್ತು.

ಆರನೇ ವಾರ ಒಂದು ದಿನ ಮೊದಲ ಬಸ್ಸು ಕೆಟ್ಟು ನಿಂತು, ನಾನು ಮುಕ್ಕಾಲು ಗಂಟೆ ತಡವಾಗಿ ತಲುಪಿದೆ. ಇವರು ಆಗಲೇ ಹೊರಟುಹೋದರು ಎಂದಳು ಅಕ್ಕ. ನಾನು ಏರಿಯ ಮೇಲೆ ಬೇಗಬೇಗನೆ ಹೆಜ್ಜೆ ಹಾಕಿದೆ. ಬೇಗಬೇಗನೆ ಹೆಜ್ಜೆ ಹಾಕುವುದು ನನಗೆ ಸಾಧ್ಯವಾಗುತ್ತಿದೆ ಎಂಬುದನ್ನು ಗಮನಿಸಿ ಸ್ವಲ್ಪ ಸಂತೋಷವೂ ಆಯಿತು. ಐದನೇ ತೂಬಿನ ಹತ್ತಿರ ಒಂದು ಆಲೆಮನೆ ಇದೆ. ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವ ಜಾಗ. ನಮ್ಮ ಸೀಮೆಯಲ್ಲಿ ಆಲೆಮನೆಯ ಮುಂದೆ ಹಾದುಹೋಗುವವನ ಕೈಗೆ ಬಿಸಿ ಬೆಲ್ಲವನ್ನೋ ಒಂದು ಲೋಟ ಹಾಲನ್ನೋ ಕೊಡದೆ ಕಳಿಸಬಾರದು. ಹಾಲು ಎಂದರೆ ಕಬ್ಬಿನ ಹಾಲು. ಬೇಡ ಎನ್ನುವುದು ಹಿಂದಿನ ಜನ್ಮದ ದ್ವೇಷವಿದ್ದರೆ ಮಾತ್ರ. ಮೂರನೇ ವಾರ ನಾನು ಭಾವನವರ ಪರವಾಗಿ ಬೇಡ ಎಂದದ್ದಕ್ಕೆ ಆಲೆಮನೆಯವನು ಮುಖ ಸಿಂಡರಿಸಿ, "ಸಕ್ರೆ ಕಾಯ್ಲೆಗೆ ಸಕ್ರೆ ತಿನ್ಬಾರ್ದು ಮೇಷ್ಟ್ರೇ, ಬೆಲ್ಲಕ್ಕೇನ್ ತಪ್ಪು?" ಎಂದಿದ್ದ. ಅಂದಿನಿಂದ ಐದನೇ ತೂಬು ಬರುವ ಮೊದಲೇ ನಾವು ಏರಿ ಇಳಿದು ಗದ್ದೆ ಬದುವಿನ ಮೇಲೆ ಬಳಸಿಕೊಂಡು ಹೋಗುತ್ತಿದ್ದೆವು.

ಆ ದಿನ ಭಾವ ಬಳಸಿಕೊಂಡು ಹೋಗಿರಲಿಲ್ಲ. ಆಲೆಮನೆಯ ಚಪ್ಪರದ ಕೆಳಗೆ ಕೂತಿದ್ದರು. ಸುತ್ತ ಊರಿನ ಇನ್ನೂ ಮೂವರು ಹಿರಿಯರು. ಮೂವರಿಗೂ ಇದೇ ಕಾಯಿಲೆ, ಮೂವರ ಪಕ್ಕದಲ್ಲೂ ಒಂದೊಂದು ಗುದ್ದಲಿ. ನಾಲ್ವರ ಅಂಗೈಯಲ್ಲೂ ಮುತ್ತುಗದ ಎಲೆ, ಎಲೆಯ ಮೇಲೆ ಹೊಗೆಯಾಡುವ ಬೆಲ್ಲ.

"ಬನ್ನಿ ಬನ್ನಿ ಮೇಷ್ಟ್ರೇ," ಎಂದು ಆಲೆಮನೆಯವನು ಕೂಗಿದ. "ನಿಮ್ ಪಾಟನೇ ನಡೀತಾ ಅದೆ."

ಭಾವ ಬೆಚ್ಚಲಿಲ್ಲ. ಕದ್ದು ತಿನ್ನುವವರ ಮುಖ ಅಲ್ಲ ಅದು. ಔಷಧಿ ತೆಗೆದುಕೊಳ್ಳುವವರ ಮುಖ. ಎಲೆ ನೆಕ್ಕಿ ಮುಗಿಸಿ ಎದ್ದು, "ಒಲ್ಡಣ್ವಾ?" ಎಂದರು.

"ಭಾವ, ಏನಿದು?"

"ಯಾಕೆ? ನೀನೇ ಅಲ್ವಾ ಯೋಳಿದ್ದು?"

"ಬೆಲ್ಲ ತಿನ್ನಿ ಅಂತ ನಾನು ಹೇಳಿದ್ನಾ?"

"ತೂಬು ಎತ್ಕತದೆ ಅಂದೆ. ನಡ್ಯವಾಗ ತಾನಾಗ್ ತಾನೇ ಎತ್ಕತದೆ ಅಂದೆ. ಅಂದಾ, ಇಲ್ವಾ?"

"ಅಂದೆ."

"ತೂಬ್ ಎತ್ತಿದ್ ಮೇಲೆ ನಾಲೇಲಿ ನೀರ್ ಇರ್ಬೇಕೋ ಬ್ಯಾಡ್ವೋ?"

ಉಳಿದ ಮೂವರೂ ನನ್ನನ್ನೇ ನೋಡಿದರು. ಒಬ್ಬರು, "ಅದೇ ಮತ್ತೆ," ಎಂದರು.

ಆಗ ನನಗೆ ನನ್ನ ತಪ್ಪು ಕಂಡಿತು. ಭಾವನವರ ಗದ್ದೆ ನಾಲೆಯ ಕೊನೆ ಭಾಗದ್ದು. ಐವತ್ತು ವರ್ಷ ಅವರು ಪಟ್ಟ ಪಾಡೆಲ್ಲ ಒಂದೇ: ತೂಬು ಎತ್ತಿರುತ್ತದೆ, ನಾಲೆಯಲ್ಲಿ ನೀರಿರುವುದಿಲ್ಲ. ಮೇಲಿನವರು ಹಾಯಿಸಿಕೊಂಡು ಮಿಕ್ಕದ್ದು ಇವರ ತನಕ ಬಂದರೆ ಪುಣ್ಯ. ಅಂಥ ರೈತನಿಗೆ ತೂಬು ಎತ್ತಿರುತ್ತದೆ ಎಂದು ಹೇಳಿದರೆ ಅವನು ಮಾಡುವ ಮೊದಲನೇ ಕೆಲಸ ಯಾವುದು? ನೀರಿಗೆ ಓಡಾಡುವುದು. ತೆರೆದ ತೂಬನ್ನು ವ್ಯರ್ಥ ಮಾಡುವುದು ಅವರ ಪಾಲಿಗೆ ಪಾಪ.

"ಭಾವ, ನಿಮ್ಮ ನಾಲೆ ಈಗಾಗಲೇ ಕಟ್ಟೆ ಒಡೆಯೋ ಹಾಗೆ ತುಂಬಿದೆ. ಅದು ಇಳೀಬೇಕು. ನೀವು ಇನ್ನೂ ಬಿಡ್ತಿದ್ದೀರಿ."

"ತುಂಬಿದ್ ನಾಲೇಲಿ ತಾನೆ ಮೇಷ್ಟ್ರೇ ಕೊನೆ ಗದ್ದೆಗೆ ನೀರ್ ಏರದು? ಅರ್ದ ನಾಲೇಲಿ ಯಾವತ್ತಾದ್ರೂ ಏರದ ನೋಡಿದ್ದೀಯಾ?"

ನೋಡಿರಲಿಲ್ಲ. ಯಾರೂ ನೋಡಿರುವುದಿಲ್ಲ. ನಾಲೆಯ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು, ಸಕ್ಕರೆಯ ವಿಷಯದಲ್ಲಿ ನಾನು ಹೇಳಿದ್ದೂ ಸತ್ಯವಾಗಿತ್ತು. ಎರಡನ್ನೂ ಒಂದಕ್ಕೊಂದು ಕಟ್ಟಿ ಕೂರಿಸಿದವನು ನಾನು. "ಅದು ಉದಾಹರಣೆ ಭಾವ, ಬರೀ ಉದಾಹರಣೆ," ಎಂದೆ. ಅವರಿಗೆ ಬೇಸರವಾಯಿತು. "ಅಂಗಾರೆ ಸುಳ್ಳಾ?" ಎಂದರು. ಸುಳ್ಳಲ್ಲ ಎಂದೆ. "ಸುಳ್ಳಲ್ಲ ಅಂದ್ಮೇಲೆ?" ಎಂದರು. ಬೆಲ್ಲ ಹಿಡಿದ ಮೂವರೂ ನನ್ನ ಸೋಲನ್ನು ಸಮಾಧಾನದಿಂದ ಮೆಲ್ಲುತ್ತಿದ್ದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಒಲೆಯ ಮುಂದೆ ಹಾಗೇ ಕೂತುಬಿಟ್ಟಳು.

"ಆಲೆಮನೇಲಿ ಇವತ್ ಒಂದ್ ದಿನ ತಿಂದಿರ್ಬೇಕು ಕಣ್ಲಾ," ಎಂದಳು ಮೆಲ್ಲಗೆ. "ದಿನಾ ನಾನೇ ಕೊಡ್ತಿದ್ದೆ."

"ನೀನಾ?"

"ಒಂದ್ ಅಚ್ಚು ಬೆಲ್ಲ. ಬೆಳಿಗ್ಗೆ ಒಲ್ಡಕ್ ಮುಂಚೆ ತಿನ್ಸಿ ನೀರ್ ಕೊಡ್ತಿದ್ದೆ. ನೀನೇ ಯೋಳಿದ್ದೀಯ ಅಂದ್ರು. ಮೇಷ್ಟ್ರು ಯೋಳವ್ರೆ, ನಡ್ಯಕ್ ಮುಂಚೆ ನಾಲೆ ತುಂಬಿರ್ಬೇಕಂತೆ ಅಂದ್ರು. ನಾನು ಓದ್ದೋಳಾ? ನನ್ ತಮ್ಮ ಯೋಳವ್ನೆ ಅಂದ್ಕಂಡೆ." ಆಮೇಲೆ ಕೇಳಿದಳು: "ಈಗ ಏನ್ ಮಾಡಣ?"



ಬೆಲ್ಲ ನಿಂತದ್ದು ನನ್ನ ವಾದದಿಂದಲ್ಲ, ಅಕ್ಕ ಊಟ ಬಿಟ್ಟದ್ದರಿಂದ. ಅವಳು ಎರಡು ಹೊತ್ತು ಉಣ್ಣಲಿಲ್ಲ. ಮೂರನೇ ಹೊತ್ತಿಗೆ ಭಾವ, "ಆಯ್ತು ಬುಡು, ಉಣ್ಣು," ಎಂದರು. ಭಾವ ಒಮ್ಮೆ ಬುಡು ಎಂದರೆ ಬಿಟ್ಟಂತೆಯೇ. ಆದರೆ ಆ ಮೂವರು ಬಿಡಲಿಲ್ಲ. ಅವರಿಗೆ ಊಟ ಬಿಡುವ ಹೆಂಡತಿಯರಿರಲಿಲ್ಲವೋ, ಬಿಟ್ಟರೂ ಅವರು ಗಮನಿಸಲಿಲ್ಲವೋ ಗೊತ್ತಿಲ್ಲ. ನಾನು ಒಬ್ಬೊಬ್ಬರ ಮನೆಗೂ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಮೂರು ಮನೆಯಲ್ಲೂ ಕೂರಿಸಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ಬೆಲ್ಲ ನೀರು ಕೊಟ್ಟರು.

ಎಂಟನೇ ವಾರ ನಾಲೆಯಲ್ಲಿ ಕಟ್ಟು ಪದ್ಧತಿ ಶುರುವಾಯಿತು. ಹದಿನೈದು ದಿನ ನೀರು ಬಿಡುತ್ತಾರೆ, ಹದಿನೈದು ದಿನ ನಿಲ್ಲಿಸುತ್ತಾರೆ. ನೀರು ಬಂದ ದಿನಗಳಲ್ಲಿ ಭಾವ ಗದ್ದೆಯ ತಲೆಯಲ್ಲೇ ಕಾವಲು ಕೂರಬೇಕು, ಇಲ್ಲದಿದ್ದರೆ ಮೇಲಿನವರು ತಿರುಗಿಸಿಕೊಳ್ಳುತ್ತಾರೆ. ಕೊನೆ ಭಾಗದವನಿಗೆ ಅದು ವ್ಯಾಯಾಮಕ್ಕೆ ಬಿಟ್ಟುಕೊಡುವ ಸಮಯವಲ್ಲ. ಕೂತಲ್ಲೇ ಕೂತರು. ಮೊದಲ ಬಸ್ಸಿಗೆ ಹೋದ ನಾನು ಅವರ ಜೊತೆ ಬದುವಿನ ಮೇಲೆ ಕೂತು, ಅವರ ತೊಡೆಯನ್ನೇ ನೋಡುತ್ತಿದ್ದೆ. ಸ್ನಾಯು ಕಲಿಯುವುದಕ್ಕೆ ತಿಂಗಳು ತೆಗೆದುಕೊಳ್ಳುತ್ತದೆ, ಮರೆಯಲು ಎರಡು ವಾರ ಸಾಕು. ಹೊಸ ಒಲೆಗಳು ಒಂದೊಂದಾಗಿ ಆರುತ್ತಿರಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದವನು ಬದುವಿನ ಮೇಲೆ ಕೂತು ಗೊತ್ತಿರುವುದನ್ನು ನೋಡುತ್ತಿದ್ದನೇ ಹೊರತು ಅವನಿಂದ ಇನ್ನೇನೂ ಮಾಡಲಾಗಲಿಲ್ಲ. "ಎದ್ದು ಒಂದು ಸುತ್ತು ಹಾಕಿ ಭಾವ, ನಾನು ನೋಡ್ಕೋತೀನಿ," ಎಂದೆ ಒಂದು ದಿನ.

"ನೀನಾ?" ಎಂದು ಭಾವ ನಕ್ಕರು. "ಮೇಗಲ್ ಗದ್ದೆಯೋನ್ ಬಂದ್ ನಿಂಗೆ ನಮಸ್ಕಾರ ಸಾ ಅಂದ್ರೆ ನೀನೇ ತಿರುಗ್ಸಿ ಕೊಟ್ಬುಡ್ತೀಯ."

ಅದೂ ಸತ್ಯವೇ. ಅವನು ನನ್ನ ಶಿಷ್ಯ.

ನೀರು ನಿಂತ ಮೇಲೆ ಉಳಿದದ್ದು ಮೂರು ವಾರ. ಆ ಮೂರು ವಾರ ಭಾವ ನಡೆದಂತೆ ನಾನು ಯಾರೂ ನಡೆದದ್ದು ನೋಡಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಗುದ್ದಲಿಯನ್ನೂ ಬಿಟ್ಟರು. ಎಲ್ಲಿಗೆ ಎಂದು ಕೇಳಿದವರಿಗೆ ಉತ್ತರ ಕೊಡುವುದನ್ನೂ ಬಿಟ್ಟರು. ಸಿಹಿ ಇಲ್ಲ, ಒಂದು ಮುದ್ದೆಯ ಮೇಲೆ ಇನ್ನೊಂದು ಮುದ್ದೆ ಇಲ್ಲ. ಒಂಬತ್ತನೇ ತೂಬಿನ ಹತ್ತಿರ ಒಮ್ಮೆ ನನ್ನ ಜೊತೆ ಕಟ್ಟೆಯ ಮೇಲೆ ಕೂತು, ನನ್ನ ಕಡೆ ನೋಡದೆ ಕೇಳಿದರು:

"ಈಗ ಇಳ್ದಿರ್ತದಾ?"

"ಇಳಿದಿರುತ್ತೆ ಭಾವ."

"ನಿಜ ಯೋಳು."

ಆ ಪರೀಕ್ಷೆ ಮೂರು ತಿಂಗಳನ್ನೂ ನೆನಪಿಟ್ಟುಕೊಂಡಿರುತ್ತದೆ, ಮೂರು ವಾರದ ಒಳ್ಳೆಯತನಕ್ಕೆ ಪೂರ್ತಿ ಮರುಳಾಗುವುದಿಲ್ಲ ಎಂಬುದು ನನಗೆ ತಿಳಿದಿತ್ತು. "ಇಳಿದಿರುತ್ತೆ," ಎಂದೆ ಮತ್ತೆ. ಇದೂ ಒಂದು ಪಾಠವೇ; ಆದರೆ ಈ ಸಲ ಕೂತುಕೊಂಡೇ ಹೇಳಿದೆ.

ಪರೀಕ್ಷೆಯ ಹಿಂದಿನ ದಿನ ಅಕ್ಕ ವೈದ್ಯನಾಥಪುರಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಳು. ಹೆಸರಿನಲ್ಲೇ ವೈದ್ಯನಿರುವ ದೇವರು ಎಂಬ ಕಾರಣಕ್ಕೆ ನಾನೂ ಜೊತೆಗೆ ಹೋಗಿ, ವಿಜ್ಞಾನದ ಮೇಷ್ಟ್ರು ಕೈಮುಗಿಯಬಹುದಾದಷ್ಟು ಕೈಮುಗಿದೆ. ಮರುದಿನ ಮೂವರೂ ಮಂಡ್ಯಕ್ಕೆ ಹೋದೆವು. ಭಾವ ಮತ್ತು ನಾನು ರಕ್ತ ಕೊಟ್ಟ ಮೇಲೆ, ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತೆವು. ಭಾವ ಚಪ್ಪಲಿ ಬಿಚ್ಚಿ ತಮ್ಮ ಎರಡು ಪಾದಗಳನ್ನೂ ನೋಡಿಕೊಳ್ಳುತ್ತಿದ್ದರು.

ಡಾಕ್ಟರಮ್ಮ ಕಾಗದ ನೋಡಿದರು. "ಒಂಬತ್ತೂಕಾಲು," ಎಂದರು. "ಇಳಿದಿದೆ. ಆದರೆ ಸಾಲದು."

ಅವರು ಭಾವನವರನ್ನು ಮಂಚದ ಮೇಲೆ ಕೂರಿಸಿ, ಕಾಲು ನೀವಿ, ತೊಡೆ ಒತ್ತಿ, ಎದ್ದು ಕೂತು ಎದ್ದು ಕೂತು ಮಾಡಿಸಿದರು. ಕಾಲಲ್ಲಿ ಒಳ್ಳೆಯ ಶಕ್ತಿ ಬಂದಿದೆ, ನಡೆಯುವುದನ್ನು ನಿಲ್ಲಿಸಬೇಡಿ, ಸೂಜಿಯ ಜೊತೆಗೂ ಇದು ಬೇಕು ಎಂದರು. ನನ್ನ ಕಾಗದ ನೋಡಿ ಅವರ ಮುಖ ಅರಳಿತು. "ಸಾರ್, ನಿಮ್ಮದು ಪೂರ್ತಿ ನಾರ್ಮಲ್ ಆಗಿದೆ! ಏನು ಮಾಡಿದ್ರಿ?"

ಏನೂ ಇಲ್ಲ, ಜೊತೆಗೆ ಹೋಗಿದ್ದೆ ಎಂದೆ.

"ನೋಡ್ದಾ," ಎಂದರು ಭಾವ ಅಕ್ಕನಿಗೆ. "ನಾನ್ ನಡದಿದ್ದು ಇವನ್ಗೆ ತಗಲ್ಕಂಡದೆ." ಅಕ್ಕ ನಗಲಿಲ್ಲ. ಭಾವ ಡಾಕ್ಟರಮ್ಮನ ಕಡೆ ತಿರುಗಿ, ಎತ್ತಿನ ಬೆಲೆ ಕೇಳುವವರ ಹಾಗೆ ಸಹಜವಾಗಿ ಕೇಳಿದರು: "ಕಾಲು ಯಾವಾಗ ತಗೀತೀರವ್ವಾ?"

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೆನ್ನು 'ಟಕ್' ಎಂದು ಮುಚ್ಚಿ, ಬಹಳ ತಾಳ್ಮೆಯಿಂದ, ಕಾಲು ಹೋಗಬಾರದು ಎಂದೇ ಈಗ ಸೂಜಿ ಕೊಡುತ್ತಿರುವುದು ಎಂದು ವಿವರಿಸಿದರು. ಚೆನ್ನಾಗಿ ವಿವರಿಸಿದರು. ಒಂದೂ ಉದಾಹರಣೆ ಕೊಡಲಿಲ್ಲ. ಭಾವ ಎಲ್ಲದಕ್ಕೂ ಊಂ ಎಂದರು, ಒಂದನ್ನೂ ನಂಬಲಿಲ್ಲ.

ಅವರಿಬ್ಬರೂ ಹೊರಗೆ ಹೋದ ಮೇಲೆ ನಾನು ಹಿಂದೆ ಉಳಿದು ಬೆಲ್ಲದ ಸಂಗತಿ ಪೂರ್ತಿ ಹೇಳಿದೆ. ಅದಿಲ್ಲದಿದ್ದರೆ ಎಂಟಕ್ಕೆ ಇಳಿಯುತ್ತಿತ್ತೇ ಎಂದು ಕೇಳಿದೆ.

"ಹೇಳಕ್ಕಾಗಲ್ಲ ಸಾರ್. ಇಳೀತಿತ್ತೇನೋ. ಹನ್ನೆರಡು ವರ್ಷದ ಶುಗರ್, ಇನ್ಸುಲಿನ್ ತಯಾರು ಮಾಡೋ ಗ್ರಂಥಿಯೇ ಸೋತಿದ್ರೆ ಎಷ್ಟು ನಡೆದರೂ ಇಳೀತಿರಲಿಲ್ಲವೇನೋ." ಅವರು ಮುಂದಿನ ರೋಗಿಯ ಚೀಟಿ ತೆಗೆದುಕೊಂಡರು. "ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಯಾವ 'ಏನೋ' ಸರಿಯೆಂದು ನನಗೆ ಈವರೆಗೂ ಗೊತ್ತಾಗಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ನರ್ಸಮ್ಮ ಅಕ್ಕನಿಗೆ ಒಂದು ಕಿತ್ತಳೆ ಹಣ್ಣು ಕೊಟ್ಟು, ಸಿರಿಂಜಿನಲ್ಲಿ ನೀರು ತುಂಬಿ ಚುಚ್ಚುವುದು ಕಲಿಸಿದರು. ಮೊದಲ ಮೂರು ಸಲ ಸೂಜಿ ಸಿಪ್ಪೆಯ ಮೇಲೆ ಜಾರಿತು. ನಾಲ್ಕನೇ ಸಲ ಸರಿಯಾಯಿತು.

ಮರುದಿನ ಬೆಳಿಗ್ಗೆ ಏಳೂವರೆಗೆ ಭಾವನವರಿಗೆ ಮೊದಲನೇ ಸೂಜಿ ಹಾಕಿದಳು, ಹೊಟ್ಟೆಯ ಎಡಭಾಗಕ್ಕೆ. ಬೆಳಿಗ್ಗೆ ಹನ್ನೆರಡು ಯೂನಿಟ್, ರಾತ್ರಿ ಎಂಟು. ಈಗ ಹತ್ತು ತಿಂಗಳಾಯಿತು; ಎರಡು ಕಾಲೂ ಇವೆ, ಭಾವ ರಾತ್ರಿ ಅವನ್ನು ಸವರಿ ನೋಡಿಕೊಳ್ಳುವುದನ್ನು ಬಿಟ್ಟಿಲ್ಲ.